ಎಡಗಡೆ ಬಾಗಿಲು

ಸವಳು ನೀರಿಂದು ಒಂದು ಗುಣ ಐತಿ,
ಹೊಲಸು ತಗೀತೈತಿ, ತನ್ನ ಗುರುತು ಬಿಡತೈತಿ.
ಬೋರಿನ ನೀರಿಲೆ ತೊಳದು ಹಂಗ ಬಿಟ್ಟರ
ಗಾಡಿ ತುಂಬ ಬಿಳಿ ಚುಕ್ಕಿ,
ದಡಾರ ಎದ್ದ ಹಂಗ.

ಅದಕ್ಕ ಎರಡು ಬಕೀಟು ಬೋರಿಂದು,
ಕೊನೀಗೆ ಒಂದ ಕೊಡ ನಳದ ನೀರು.
ಬೆಟಗೇರ್ಯಾಗ ನಮ್ಮ ಓಣಿಗೆ ನಳ ಒಂಬತ್ತು ದಿನಕ್ಕೊಮ್ಮೆ,
ಅದೂ ರಾತ್ರಿ, ಅದೂ ಅದರ ಮನಸ್ಸಿಗೆ ಬಂದರ.
"ಕುಡಿಯೂ ನೀರು ಗಾಡಿಗೆ ಹಾಕತೀರಲ್ರೀ ಸಿಸ್ಟರ್"
ಅಂದರು ಕಟ್ಟಿ ಮ್ಯಾಲಿನ ಹೊಂಬಳ ಮಾಸ್ತರು.
ನಾ ಒಂದು ಕೊಡ ಕಡಿಮಿ ಕುಡೀತೀನಿ ತಗೋರಿ, ಅಂದೆ.
ಪೇಪರಿನ ಹಿಂದ ಹೋದರು.

ಮೂವತ್ತೊಂದು ವರ್ಷ ತಿರಗೀನಿ
ಲಕ್ಕುಂಡಿ, ಹರ್ಲಾಪುರ, ಕದಾಂಪುರ,
ಟಂಟಂದಾಗ, ಹಾಲಿನ ಗಾಡ್ಯಾಗ,
ಒಮ್ಮೆ ಉಳ್ಳಾಗಡ್ಡಿ ಚೀಲದ ಮ್ಯಾಲ ಕುಂತು
ಲಸಿಕಿ ಡಬ್ಬಿ ತೊಡೀ ಮ್ಯಾಲ ಇಟಗೊಂಡು.
ರಿಟೈರ್ ಆದ ರೊಕ್ಕದಾಗ ಇದನ್ನ ತಗೊಂಡೆ,
ಸೆಕೆಂಡ್ ಹ್ಯಾಂಡ್, ಬೆಳ್ಳಿ ಬಣ್ಣ.
ಅರವತ್ತೊಂದಕ್ಕ ಕ್ಲಚ್ ಕಲಿತೆ.

ತೊಳಿಯೂದು ಮ್ಯಾಲಿಂದ ಕೆಳಗ.
ಕೂಸಿಗೆ ಎರದ ಹಂಗ ಅಂತ ತಿಳೀಬ್ಯಾಡ್ರಿ,
ಕೂಸು ಒದೀತೈತಿ, ಇದು ಸುಮ್ಮನ ನಿಂದರತೈತಿ.
ವೈಪರಿನ ಬುಡಕ ಬೇವಿನ ಹೂವು,
ಗಾಲಿ ಸಂದ್ಯಾಗ ಎರಿ ಮಣ್ಣು,
ಅದು ಸಾಬೂನಿಗೆ ಬಗ್ಗೂದಲ್ಲ.
ಹಳೇ ಟೂತ್‌ಬ್ರಶ್ ಹಿಡದು ತುದಿಗಾಲಿಲೆ ಕುಂತೆ.
ಮೊಣಕಾಲು ಅಂತು: ಏಳೂ ಮುಂದ ನೋಡಕೊಳ್ಳೂಣು.

ಅಲ್ಲೇ, ಎಡಗಡೆ ಬಾಗಿಲಿನಾಗ,
ಬುರುಗಿನ ಕೆಳಗ ಬೆರಳು ತಡೀತು.
ಕಣ್ಣಿಗೆ ತಪ್ಪಿದ್ದು ಹಸಿ ಬೆರಳಿಗೆ ಸಿಗತೈತಿ.
ಒಂದು ಗೇಣು ಗೀರು. ಹೊಸಾದು.
ಗೀರಿನಾಗ ಹಸರು ಬಣ್ಣ.

ನನ್ನ ಗೀರು ನನಗ ಬಾಯಿಪಾಠ:
ಹಿಂದಿನ ಬಂಪರಿಂದು ಗ್ಯಾಸ್ ಆಫೀಸಿನ ಕಂಬ,
ಬಲಗಡೆ ಕನ್ನಡಿದು ಎತ್ತಿನ ಕೋಡು,
ಎತ್ತಿನ ತಪ್ಪೇನಿರಲಿಲ್ಲ.
ಇದು ನಂದಲ್ಲ.
ಇಂಥಾ ಹಸರು ಓಣ್ಯಾಗ ಒಂದ ಐತಿ,
ತಿರುವಿನಾಗಿನ ಪಾನಘಂಟಿಯವರ ಗೇಟು,
ದಸರಾಕ್ಕ ಬಳದದ್ದು.

ಮಂಗಳವಾರ ನಾ ಕಣ್ಣು ತೋರಸಾಕ
ರೈಲಿನಾಗ ಹುಬ್ಬಳ್ಳಿಗೆ ಹೋಗಿದ್ದೆ.
ಚಾವಿ ಮೊಳೀಗೆ ಇತ್ತು.
ಮಗಗ ಗಾಡಿ ಅಂದ್ರ ಅಂಜಿಕಿ,
ಪ್ರೆಸ್ಸಿಗೆ ಸೈಕಲ್ ಮ್ಯಾಲ ಹೋಗತಾನ.
ಮನ್ಯಾಗ ಉಳದಾಕಿ ಸೊಸಿ, ಕಸ್ತೂರಿ.
ಈಗ ಹೊಸ್ತಿಲದಾಗ ನಿಂತಾಳ,
ಕೈಯಾಗ ಮರ, ಅಕ್ಕಿ ಹಸನ ಮಾಡೂ ನೆವಾ.
ಒಂದ ಹರಳು ಮೂರು ಸರತಿ ತಗದಳು.

ನಾ ಏನೂ ಕೇಳಲಿಲ್ಲ.
ನಳದ ನೀರು ಮ್ಯಾಲಿಂದ ಸಣ್ಣಗ ಸುರದೆ.
ಬಿಸಿಲು ಏರಿತ್ತು, ಬಾನೆಟ್ ಮ್ಯಾಲಿನ ಹನಿ
ಆಗಲೇ ಸೊರಗಾಕ ಹತ್ತಿದ್ದವು.
"ಬಾರವಾ, ಲಗೂನ ಬಾ. ಒಬ್ಬಾಕೀಲೆ ಆಗೂದಿಲ್ಲ,
ಒಣಗೂದರಾಗ ಒರಸಬೇಕು."
ಹಳೇ ಧೋತರ ನಡಕ ಹರದೆ.
ನಮ್ಮ ಮನಿಯವರು ಉಟ್ಟು ಉಟ್ಟು ಮೆತ್ತಗ ಮಾಡಿಟ್ಟದ್ದು,
ಅಂಗಡ್ಯಾಗಿನ ಹಳದಿ ಅರಿವಿ ಇದರ ಮುಂದ ಏನೂ ಅಲ್ಲ.

ಆಕಿ ತಾನಾಗೇ ಎಡಗಡೆ ಹೋಗಲಿಲ್ಲ. ನಾನ ಕಳಿಸಿದೆ.
ಗೀರಿನ ಮ್ಯಾಲ ಕೈ ನಿಂತಿತು.
ನಡುವ ಎರಡು ಗಾಜು, ಆಚೀಗೆ ಆಕಿ, ಈಚೀಗೆ ನಾ,
ಒರಸಿದಷ್ಟೂ ಮಾರಿ ಸ್ವಚ್ಛ ಕಾಣತಿತ್ತು.

"ರಿವರ್ಸ್ ತಗೊಳ್ಳೂ ಮುಂದ," ಅಂದೆ, ಗಾಜಿಗೆ ಅಂದ ಹಂಗ,
"ಆ ಗೇಟು ಕನ್ನಡ್ಯಾಗ ದೂರ ಕಾಣತೈತಿ.
ದೂರ ಇರೂದಿಲ್ಲ."
ಕಸ್ತೂರಿ ಅರಿವಿ ಹಿಂಡಿದಳು.
ಹನಿ ಬೀಳಲಿಲ್ಲ, ಮತ್ತ ಹಿಂಡಿದಳು.
"ಕ್ಲಚ್ ಬಿಡೂದು ತಿಳೀವಲ್ದರೀ ಅತ್ತಿ."

ಹೊಂಬಳ ಮಾಸ್ತರು ಪೇಪರ್ ಇಳಿಸಿದರು.
ನಾವಿಬ್ಬರೂ ತಲಿ ಬಗ್ಗಿಸಿ ಗಾಲಿ ಒರಸಿದಿವಿ.
ನಾಳಿ ಐದಕ್ಕ ಏಳು, ಅಂದೆ. ಓಣಿ ಏಳೂ ಮೊದಲ.
ಹಸರು ಹಂಗ ಇರಲಿ ಅಂತ ತಿಕ್ಕಲಿಲ್ಲ.

ಮಾತಿನಾಗ ಮರತದ್ದು,
ಬಾನೆಟ್ಟಿನ ಮೂಲ್ಯಾಗ ಅಂಗೈಯಷ್ಟು ಜಾಗಾ
ತಾನ ಒಣಗಿಬಿಟ್ಟಿತ್ತು.
ದಡಾರ.